ಎಂಟು ನಿಮಿಷದ ಸಿನಿಮಾ, ನಾಲ್ಕು ತಿಂಗಳ ಪಾಠ

ಮಳೆಗಾಲ ಮುಗಿಯುತ್ತ ಬಂದಂತೆ ಮುಂಬಯಿಯ ಲೋಕಲ್ ರೈಲುಗಳಲ್ಲಿ ಒಂದು ಬೇರೆಯೇ ಬಗೆಯ ಪ್ರಯಾಣಿಕರು ಕಾಣಿಸತೊಡಗುತ್ತಾರೆ. ಬೆನ್ನಿಗೆ ಕಪ್ಪು ಚೀಲ, ಕಂಕುಳಲ್ಲಿ ಮಡಚಿದ ಟ್ರೈಪಾಡ್, ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ದಾದರ್‌ನಲ್ಲಿ ಹತ್ತುವವರ ನೂಕಿಗೆ ಟ್ರೈಪಾಡಿನ ಕಾಲು ಯಾರದೋ ಪಕ್ಕೆಗೆ ತಾಗುತ್ತದೆ, ಬೈಗುಳ ಬೀಳುತ್ತದೆ. ಹುಡುಗರು ‘ಸಾರಿ ಅಂಕಲ್’ ಎಂದು ಚೀಲವನ್ನು ಎದೆಗೆ ತಿರುಗಿಸಿಕೊಳ್ಳುತ್ತಾರೆ. ಇವರೆಲ್ಲ ಕಾಲೇಜಿಗೆ ಕಿರುಚಿತ್ರ ಮಾಡಲು ಹೊರಟವರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಮೊದಲು ಬಿ.ಎಂ.ಎಂ. ಎನ್ನುತ್ತಿದ್ದ, ಈಗ ಬಿಎಎಂಎಂಸಿ ಎಂದು ಹೆಸರು ಬದಲಿಸಿಕೊಂಡ ಮಾಧ್ಯಮ ಪದವಿ ಇದೆಯಲ್ಲ, ಅದನ್ನು ಓದುವ ಮಕ್ಕಳಿಗೆ ಇದು ಅಭ್ಯಾಸದ ಭಾಗ. ಉಳಿದವರಿಗೆ ಐಐಟಿಯ ಮೂಡ್ ಇಂಡಿಗೋ, ಝೇವಿಯರ್ಸ್‌ನ ಮಲ್ಹಾರ್‌ನಂತಹ ಕಾಲೇಜು ಉತ್ಸವಗಳ ಹುಚ್ಚು.

ನಾನು ಬೈಂದೂರಿನ ಕಡೆಯವನು. ಅಂಧೇರಿಯಲ್ಲಿ ಎಡಿಟಿಂಗ್ ಕೆಲಸಕ್ಕೆ ಕೂತು ಇಪ್ಪತ್ತೊಂದು ವರ್ಷವಾಯಿತು. ಜಾಹೀರಾತು, ಧಾರಾವಾಹಿ, ಕಂಪನಿಗಳ ವೀಡಿಯೊ, ಒಮ್ಮೊಮ್ಮೆ ಯಾರದೋ ಮಗಳ ಮದುವೆ, ಹೀಗೆ ಬಂದದ್ದನ್ನೆಲ್ಲ ಕತ್ತರಿಸಿ ಹೊಟ್ಟೆ ಹೊರೆದವನು. ಮುಂಬಯಿಯಲ್ಲಿ ‘ಕಟಿಂಗ್’ ಎಂದರೆ ಅರ್ಧ ಗ್ಲಾಸು ಚಹಾ. ನನ್ನ ಕಸುಬನ್ನು ಊರಿನಲ್ಲಿ ವಿವರಿಸುವುದು ಕಷ್ಟ, ಆದರೆ ಇಲ್ಲಿನ ಚಹಾದಂಗಡಿಯವನಿಗೆ ಹೇಳಿದರೆ ನಕ್ಕಾದರೂ ನಗುತ್ತಾನೆ. ಕೆಲವು ವರ್ಷಗಳಿಂದ ಭಾನುವಾರಗಳಲ್ಲಿ ಉಪನಗರದ ಒಂದು ಕಾಲೇಜಿನ ಮಕ್ಕಳ ಜೊತೆ ಕೂರುತ್ತೇನೆ. ಅವರ ಕಿರುಚಿತ್ರಕ್ಕೆ ನಾನು ಮಾಸ್ತರನೂ ಅಲ್ಲ, ಪರೀಕ್ಷಕನೂ ಅಲ್ಲ. ಹಳೆಯ ಸೋದರಮಾವನ ಹಾಗೆ ಪಕ್ಕದಲ್ಲಿ ಕೂತು ಗೊಣಗುವವನು.

ಕಳೆದ ವರ್ಷ ಆ ತಂಡದ ಒಬ್ಬ ಹುಡುಗಿಯ ತಂದೆ, ನಮ್ಮ ಕುಂದಾಪುರದ ಕಡೆಯವರೇ, ಮುಲುಂಡ್‌ನಲ್ಲಿ ಹೋಟೆಲು ನಡೆಸುವವರು, ನನ್ನನ್ನು ಗಲ್ಲಾದ ಹತ್ತಿರ ಕೂರಿಸಿಕೊಂಡು ಕೇಳಿದರು: “ಅಲ್ಲ ಮಾರಾಯ್ರೆ, ನಾಲ್ಕು ತಿಂಗಳಾಯ್ತು, ಹಗಲೂ ರಾತ್ರಿ ಇದೇ. ಕಡೆಗೆ ನೋಡಿದ್ರೆ ಎಂಟು ನಿಮಿಷ. ಇದ್ರಲ್ಲಿ ಕಲಿಯುದು ಎಂತ?”

ನ್ಯಾಯವಾದ ಪ್ರಶ್ನೆ. ಅವರಿಗೆ ನಾನು ಕೊಟ್ಟ ಉತ್ತರ ಎರಡು ಮಾತಿನದು: ‘ಸ್ವಲ್ಪ ತಾಳಿ’. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಥೆಯ ಮಾತು. ಇಷ್ಟು ವರ್ಷಗಳಲ್ಲಿ ನಾನು ನೋಡಿದ ವಿದ್ಯಾರ್ಥಿಗಳ ಮೊದಲ ಸ್ಕ್ರಿಪ್ಟುಗಳಲ್ಲಿ ಅರ್ಧಕ್ಕರ್ಧ ಒಂದೇ ತರ. ಅಲಾರಂ ಹೊಡೆಯುತ್ತದೆ. ನಾಯಕ ಏಳುತ್ತಾನೆ, ಹಲ್ಲುಜ್ಜುತ್ತಾನೆ, ಕನ್ನಡಿಯಲ್ಲಿ ತನ್ನನ್ನೇ ದಿಟ್ಟಿಸುತ್ತಾನೆ. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತು ಸಮುದ್ರ ನೋಡುತ್ತಾನೆ. ಕೊನೆಗೆ ಅದೆಲ್ಲ ಕನಸು, ಇಲ್ಲವೇ ಅವನು ಮೊದಲೇ ಸತ್ತಿರುತ್ತಾನೆ. ಮಕ್ಕಳಲ್ಲಿ ಬುದ್ಧಿಯಿಲ್ಲದೆ ಹೀಗಾಗುವುದಲ್ಲ. ಸಿನಿಮಾ ಎಂದ ಕೂಡಲೇ ಅವರಿಗೆ ನೆನಪಾಗುವುದು ಬೇರೆ ಸಿನಿಮಾ. ತಮ್ಮ ಕಣ್ಣೆದುರು ದಿನಾ ನಡೆಯುವುದು ಸಿನಿಮಾ ಆಗಬಹುದು ಎಂಬ ಧೈರ್ಯ ಬರುವುದಕ್ಕೇ ಒಂದು ತಿಂಗಳು ಬೇಕು.

ಈ ಹುಡುಗಿಯ ತಂಡ ‘ಮುಂಬಯಿಯ ಉಡುಪಿ ಹೋಟೆಲುಗಳ ಇತಿಹಾಸ’ ಎಂಬ ವಿಷಯ ಹಿಡಿದುಕೊಂಡು ಬಂತು. ಎಂಟು ನಿಮಿಷದಲ್ಲಿ ಇತಿಹಾಸ! ಅದು ಪುಸ್ತಕದ ವಿಷಯ, ಕಿರುಚಿತ್ರದ್ದಲ್ಲ ಎಂದೆ. ಹೋಟೆಲಿನಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಅಜ್ಜ ಇದ್ದಾರೆ, ಮಧ್ಯಾಹ್ನ ಮೂರರಿಂದ ಐದು ಗಲ್ಲಾದಲ್ಲಿ ಕೂರುತ್ತಾರೆ ಎಂದಳು. ಅಜ್ಜ 1961ರಲ್ಲಿ ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದವರು. ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಕಲಿತವರು. ಆಗ ಊರಿಗೆ ಹೋಗುವುದೆಂದರೆ ಬಸ್ಸು ಬದಲಿಸುತ್ತ ಬದಲಿಸುತ್ತ ಎರಡು ದಿನದ ದಾರಿ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಊರು. “ಅಜ್ಜ ಹೋಗ್ತಾರಾ?” ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿದಳು. ತಾನು ಹುಟ್ಟಿದ ಮೇಲೆ ಒಮ್ಮೆಯೂ ಹೋದದ್ದು ಕಂಡಿಲ್ಲ ಎಂದಳು.

ಅಲ್ಲಿಗೆ ವಿಷಯ ಸಿಕ್ಕಿತು. ಅಜ್ಜ ಯಾಕೆ ಊರಿಗೆ ಹೋಗುವುದಿಲ್ಲ? ಯೋಜನೆ ಎಂದರೆ ಇಷ್ಟೇ, ದೊಡ್ಡ ವಿಷಯವನ್ನು ಒಬ್ಬರ ಬಾಯಿಗೆ ಹೊಂದುವ ಒಂದು ಪ್ರಶ್ನೆಯಾಗಿಸುವುದು. ಉಳಿದದ್ದು ಕಾಗದದ ಕೆಲಸ. ಅದೂ ಕಡಿಮೆಯದಲ್ಲ. ರೈಲು ನಿಲ್ದಾಣದಲ್ಲಿ ಟ್ರೈಪಾಡ್ ಇಟ್ಟರೆ ಪೊಲೀಸರು ಬರುತ್ತಾರೆ, ಅನುಮತಿ ಪತ್ರ ಕೇಳುತ್ತಾರೆ. ಸೊಸೈಟಿಯ ಟೆರೇಸಿಗೆ ಹತ್ತಬೇಕಾದರೆ ಸೆಕ್ರೆಟರಿಯ ಎನ್‌ಒಸಿ. ಯಾವ ದಿನ ಯಾರು ಎಷ್ಟು ಗಂಟೆಗೆ ಎಲ್ಲಿ, ಬ್ಯಾಟರಿ ಯಾರು ಚಾರ್ಜ್ ಮಾಡುವುದು, ವಡಾಪಾವ್ ದುಡ್ಡು ಯಾರದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಬೇಕು. ಮನೆಯಲ್ಲಿ ತಟ್ಟೆ ಎತ್ತಿಡದ ಹುಡುಗ ಆರು ಜನರ ಊಟದ ಲೆಕ್ಕ ಹಾಕುವುದನ್ನು ನಾನು ಕಂಡಿದ್ದೇನೆ.

ಊಟದ ಮಾತು ಬಂದಾಗ ಮಕ್ಕಳಿಗೆ ನಾನು ತಪ್ಪದೆ ಹೇಳುವ ಒಂದು ಸಂಗತಿಯಿದೆ. ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆದದ್ದು ಎಲ್ಲರಿಗೂ ಗೊತ್ತು. 1913ರ ಮೇ 3ರಂದು ಗಿರಗಾಂವ್‌ನ ಕಾರೊನೇಶನ್‌ನಲ್ಲಿ ಅದು ಜನರ ಮುಂದೆ ಬಂತು. ಅದಕ್ಕೂ ಮೊದಲು ಅವರು ಒಂದು ಪುಟ್ಟ ಚಿತ್ರ ಮಾಡಿದ್ದರು. ಲಂಡನ್ನಿಗೆ ಹೋಗಿ ಕ್ಯಾಮೆರಾ ವಿದ್ಯೆ ಕಲಿತು, 1912ರಲ್ಲಿ ಮರಳಿ ಬಂದು, ಕುಂಡದಲ್ಲಿ ಬಟಾಣಿ ಬೀಜ ಬಿತ್ತಿ, ಅದರ ಮುಂದೆ ಕ್ಯಾಮೆರಾ ನಿಲ್ಲಿಸಿ ದಿನಕ್ಕೊಂದು ಚೌಕಟ್ಟಿನಂತೆ ಒಂದು ತಿಂಗಳಿಗೂ ಮೇಲೆ ತೆಗೆದರು. ಪರದೆಯ ಮೇಲೆ ಬೀಜ ಮೊಳೆತು ಬಳ್ಳಿಯಾಗಿ ಹಬ್ಬುವುದು ಒಂದು ನಿಮಿಷದ ಆಚೀಚೆ. ದುಡ್ಡು ಹಾಕುವವರಿಗೆ ತೋರಿಸಿ ನಂಬಿಸಲು ಮಾಡಿದ ಚಿತ್ರ ಅದು, ನಂಬಿಸಿತು ಕೂಡ. ಮುಂದೆ ದಾದರ್‌ನಲ್ಲಿ ‘ಹರಿಶ್ಚಂದ್ರ’ದ ಕೆಲಸ ಶುರುವಾದಾಗ ಅವರ ಹೆಂಡತಿ ಸರಸ್ವತಿಬಾಯಿ ಇಡೀ ತಂಡಕ್ಕೆ ಅಡುಗೆ ಮಾಡುತ್ತಿದ್ದರು. ಅಷ್ಟೇ ಅಲ್ಲ, ಫಿಲ್ಮಿಗೆ ರಂಧ್ರ ಕೊರೆಯುವುದು, ರಸಾಯನ ಕಲಸುವುದೂ ಅವರ ಪಾಲಿಗೆ. ಕ್ರೆಡಿಟ್ ಪಟ್ಟಿ ಬರೆಯುವಾಗ ‘ಡೈರೆಕ್ಟರ್’ ಎಂದು ಮೂರು ಹೆಸರು, ಚಹಾ ತಂದವನ ಹೆಸರೇ ಇಲ್ಲ ಎಂಬ ಪಟ್ಟಿ ಬಂದಾಗಲೆಲ್ಲ ನಾನು ಸರಸ್ವತಿಬಾಯಿಯವರನ್ನು ನೆನಪಿಸುತ್ತೇನೆ.

ಇನ್ನು ಚಿತ್ರೀಕರಣ. ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾಗುವ ಮೂರು ಗಂಟೆಯ ಹೊತ್ತಿಗೆ ಕ್ಯಾಮೆರಾ ಇಟ್ಟರು. ಮೊದಲ ದಿನದ ಇಡೀ ಚಿತ್ರದಲ್ಲಿ ಟ್ಯೂಬ್‌ಲೈಟು ಪಟಪಟ ಮಿನುಗುತ್ತಿತ್ತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ಐವತ್ತು ಸುತ್ತಿನದು. ಫೋನಿನ ಶಟರ್ ಅರವತ್ತಕ್ಕೆ ಹೊಂದಿಸಿದ್ದರೆ ಬೆಳಕು ಮತ್ತು ಕ್ಯಾಮೆರಾ ಹೆಜ್ಜೆ ತಪ್ಪುತ್ತವೆ. ಐವತ್ತಕ್ಕೋ ನೂರಕ್ಕೋ ತಂದರೆ ಸರಿ. ಹನ್ನೆರಡನೇ ತರಗತಿಯ ಭೌತಶಾಸ್ತ್ರದಲ್ಲಿ ಈ ಐವತ್ತನ್ನು ಬಾಯಿಪಾಠ ಮಾಡಿ ಅಂಕ ತೆಗೆದ ಹುಡುಗನೇ ಅಂದು ತಲೆ ಚಚ್ಚಿಕೊಂಡ.

ಬೆಳಕಿನ ಬಗ್ಗೆ ಹೇಳುವಾಗ ನಮ್ಮವರೇ ಆದ ವಿ.ಕೆ. ಮೂರ್ತಿಯವರನ್ನು ಬಿಡುವುದು ಹೇಗೆ? ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಬಂದು ಗುರುದತ್ತರ ಕಣ್ಣಾದವರು. 1959ರ ‘ಕಾಗಜ್ ಕೇ ಫೂಲ್’ನಲ್ಲಿ ಕತ್ತಲೆ ತುಂಬಿದ ಸ್ಟುಡಿಯೊದೊಳಗೆ ಮೇಲಿನಿಂದ ಕಂಬದಂತೆ ಇಳಿಯುವ ಬೆಳಕು ಇದೆಯಲ್ಲ, ಅದು ದುಬಾರಿ ದೀಪದ್ದಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಲ್ಲಿ ಹಿಡಿದು, ಇನ್ನೊಂದು ಕನ್ನಡಿಯಿಂದ ಒಳಕ್ಕೆ ತಿರುಗಿಸಿದ್ದು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಈ ಕತೆ ಕೇಳಿದ ನಮ್ಮ ಹುಡುಗರು ಹೋಟೆಲಿನ ಕೈತೊಳೆಯುವ ಜಾಗದ ಕನ್ನಡಿ ಬಿಚ್ಚಲು ಹೊರಟರು. ಅಜ್ಜ ಬಿಡಲಿಲ್ಲ. ಕಡೆಗೆ ಇಡ್ಲಿ ಬೇಯಿಸುವ ದೊಡ್ಡ ಸ್ಟೀಲ್ ಪಾತ್ರೆಯ ಮುಚ್ಚಳವನ್ನು ಬಾಗಿಲ ಬಿಸಿಲಿಗೆ ಹಿಡಿದು ಅಜ್ಜನ ಅರ್ಧ ಮುಖಕ್ಕೆ ಬೆಳಕು ತಂದರು. ಚೆನ್ನಾಗಿಯೇ ಬಂತು.

ಶಬ್ದ ಮಾತ್ರ ಮುಂಬಯಿಯಲ್ಲಿ ದೊಡ್ಡ ತಲೆನೋವು. ಮಿಕ್ಸರ್, ಎಗ್ಸಾಸ್ಟ್ ಫ್ಯಾನು, ರಿಕ್ಷಾ ಹಾರ್ನು, ಕಾಗೆ, ಹತ್ತು ನಿಮಿಷಕ್ಕೊಮ್ಮೆ ರೈಲು. ಫ್ಯಾನು ನಿಲ್ಲಿಸಿದರೆ ಅಕ್ಟೋಬರಿನ ಸೆಕೆಗೆ ಅಜ್ಜ ಬೆವರಿ ನೀರಾಗುತ್ತಾರೆ, ನಿಲ್ಲಿಸದಿದ್ದರೆ ಮಾತು ಗಾಳಿಯಲ್ಲಿ ಹಾರಿಹೋಗುತ್ತದೆ. ಫ್ರಿಜ್ಜಿನ ಗುಂಯ್‌ಗುಡುವಿಕೆ ಕಿವಿಗೆ ಕೇಳಿಸುವುದಿಲ್ಲ, ಮೈಕಿಗೆ ಕೇಳಿಸುತ್ತದೆ. ನಮ್ಮ ಕಸುಬಿನಲ್ಲಿ ಒಂದು ಹಳೆಯ ಉಪಾಯವಿದೆ: ಫ್ರಿಜ್ ಆಫ್ ಮಾಡಿದ ಕೂಡಲೇ ಮನೆಯ ಕೀಲಿಕೈಯನ್ನು ಅದರೊಳಗೆ ಇಟ್ಟುಬಿಡಬೇಕು. ಹೊರಡುವಾಗ ಕೀಲಿಕೈ ಹುಡುಕುತ್ತೀರಿ, ಫ್ರಿಜ್ ಆನ್ ಮಾಡಲು ನೆನಪಾಗುತ್ತದೆ. ಹೋಟೆಲಿನವರ ಹಾಲು, ಹಿಟ್ಟು ಉಳಿಯುತ್ತದೆ.

ಎಲ್ಲ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡದೆ, ಅಲುಗಾಡದೆ ಆ ಜಾಗದ ‘ಸುಮ್ಮನಿರುವ’ ಶಬ್ದವನ್ನು ಧ್ವನಿಮುದ್ರಿಸಿಕೊಳ್ಳಬೇಕು. ಎಡಿಟಿಂಗ್‌ನಲ್ಲಿ ಎರಡು ಮಾತಿನ ನಡುವಿನ ಹೊಲಿಗೆ ಮುಚ್ಚುವುದು ಅದರಿಂದಲೇ. ಇಪ್ಪತ್ತು ವರ್ಷದ ಆರು ಮಕ್ಕಳು ಒಂದು ನಿಮಿಷ ಫೋನು ಮುಟ್ಟದೆ ಒಂದು ಕೋಣೆಯನ್ನು ಕೇಳುತ್ತ ಕೂತದ್ದು! ಆ ನಿಮಿಷದಲ್ಲಿ ಅಡುಗೆಮನೆಯ ಹಿಂದಿನಿಂದ ಪಾತ್ರೆ ತೊಳೆಯುವ ಹುಡುಗ ಸಣ್ಣಗೆ ಹಾಡಿಕೊಳ್ಳುತ್ತಿದ್ದದ್ದು ಎಲ್ಲರಿಗೂ ಮೊದಲ ಬಾರಿ ಕೇಳಿಸಿತು. ಹೋಟೆಲಿನ ಮಗಳಿಗೂ.

ತಂಡದೊಳಗಿನ ಜಗಳದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಎಲ್ಲ ಕಡೆ ಇದ್ದದ್ದೇ. ಒಂದು ಮಾತು ಮಾತ್ರ ಹೇಳಬೇಕು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಜಗತ್ತಿನ ಫಿಲ್ಮ್ ಶಾಲೆಗಳಿಂದ ಬಂದ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಲ್ಲಿ ಹದಿನೆಂಟನ್ನು ಆರಿಸಿದ್ದರು, ಅದರಲ್ಲಿ ಮೊದಲನೆಯದು. ಮುದುಕಿಯೊಬ್ಬಳು ಊರಿನ ಹುಂಜ ಕದ್ದೊಯ್ದು, ಸೂರ್ಯನೇ ಹುಟ್ಟದಂತಾದ ನಮ್ಮ ಜನಪದ ಕಥೆ ಅದು. ಪತ್ರಿಕೆಗಳಲ್ಲಿ ನಿರ್ದೇಶಕರ ಹೆಸರು ಬಂತು, ಬರಬೇಕಾದದ್ದೇ. ಆದರೆ ಅದು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಟಿ.ವಿ. ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಯ ಅಭ್ಯಾಸ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ, ಈ ನಾಲ್ಕು ವಿಭಾಗದ ನಾಲ್ಕು ವಿದ್ಯಾರ್ಥಿಗಳು ಕೂಡಿ ಒಂದು ಚಿತ್ರ ಮಾಡಬೇಕೆಂಬುದೇ ಅದರ ನಿಯಮ. ಚಿತ್ರೀಕರಣಕ್ಕೆ ಇದ್ದದ್ದು ನಾಲ್ಕು ದಿನ. ಚಿದಾನಂದ ಓದಿನಿಂದ ವೈದ್ಯರು. ಅದೇ ಪುಣೆಯ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ‘ಅವಶೇಷ್’ಗೆ ರಾಷ್ಟ್ರಪ್ರಶಸ್ತಿ ಪಡೆದ ಗಿರೀಶ್ ಕಾಸರವಳ್ಳಿಯವರು ಮಣಿಪಾಲದಲ್ಲಿ ಫಾರ್ಮಸಿ ಓದಿದವರು. ಮಕ್ಕಳು ದಾರಿ ತಪ್ಪಿದರು ಎಂದು ಕೊರಗುವ ಅಪ್ಪ ಅಮ್ಮಂದಿರ ಮುಂದೆ ಈ ಎರಡು ಹೆಸರು ಹೇಳಿ ಎಷ್ಟೋ ಸಲ ಒಂದು ಕಪ್ ಕಾಫಿ ಗಿಟ್ಟಿಸಿದ್ದೇನೆ.

ಈಗ ನನ್ನ ಕಸುಬಿಗೆ ಬರುತ್ತೇನೆ.

ಹದಿನಾರು ಮಿಲಿಮೀಟರ್ ಫಿಲ್ಮಿನ ಕಾಲದಲ್ಲಿ ನಾನೂರು ಅಡಿಯ ಒಂದು ರೋಲು ಎಂದರೆ ಹನ್ನೊಂದು ನಿಮಿಷ. ಅದಕ್ಕೆ ದುಡ್ಡು, ತೊಳೆಯುವುದಕ್ಕೆ ದುಡ್ಡು. ಆದ್ದರಿಂದ ತೆಗೆಯುವ ಮೊದಲೇ ಯೋಚನೆ. ಈಗ ಕಾರ್ಡು ತುಂಬುವವರೆಗೆ ತೆಗೆದರೂ ಖರ್ಚಿಲ್ಲ. ನಮ್ಮ ಮಕ್ಕಳು ಎಂಟು ನಿಮಿಷದ ಚಿತ್ರಕ್ಕೆ ಆರು ಗಂಟೆ ತೆಗೆದುಕೊಂಡು ಬಂದಿದ್ದರು. ಬೈಯುವಂತಿಲ್ಲ. ‘ಅಪೊಕಲಿಪ್ಸ್ ನೌ’ಗೆ ತೆಗೆದದ್ದು ಇನ್ನೂರ ಮೂವತ್ತು ಗಂಟೆಗೂ ಹೆಚ್ಚು, ಉಳಿದ ಒಂದು ನಿಮಿಷಕ್ಕೆ ತೊಂಬತ್ತೈದು ನಿಮಿಷದಂತೆ ಎಂದು ಅದರ ಸಂಕಲನಕಾರರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ಲೆಕ್ಕ ಕೊಟ್ಟಿದ್ದಾರೆ. ವ್ಯತ್ಯಾಸ ಇಷ್ಟೇ, ಅವರು ಅಷ್ಟನ್ನೂ ಕೂತು ನೋಡಿದರು. ವಿದ್ಯಾರ್ಥಿಗಳು ನೋಡುವುದಿಲ್ಲ. ನೆನಪಿದ್ದ ನಾಲ್ಕು ಚೆಂದದ ಶಾಟು ಹುಡುಕಿ, ಅದರ ಮೇಲೆ ಹಾಡು ಹಾಕಿ ಮುಗಿಸುತ್ತಾರೆ. ಇನ್ನು ಕೆಲವರು ಮೂರು ಸಾವಿರ ಕೊಟ್ಟು ಅಂಗಡಿಯಲ್ಲಿ ಎಡಿಟ್ ಮಾಡಿಸಿ ತಂದು ಅಂಕ ಪಡೆಯುತ್ತಾರೆ. ಅಂಥವರ ಬಗ್ಗೆ ನನಗೆ ಕೋಪಕ್ಕಿಂತ ಹೆಚ್ಚು ಮರುಕ. ಮದುವೆಗೆ ಹೋಗಿ ಊಟದ ಹೊತ್ತಿಗೇ ಎದ್ದು ಬಂದ ಹಾಗೆ.

ನನ್ನದೊಂದು ಹಟವಿದೆ. ಸಂದರ್ಶನದ ಚಿತ್ರವಾದರೆ ಆಡಿದ ಪ್ರತಿ ಮಾತನ್ನೂ ಮೊದಲು ಕಾಗದಕ್ಕೆ ಇಳಿಸಬೇಕು, ಆಮೇಲೆ ಕತ್ತರಿ. ಅಜ್ಜ ಮಾತಾಡಿದ್ದು ಕುಂದಾಪುರ ಕನ್ನಡ. ಮೊಮ್ಮಗಳಿಗೆ ಅದು ಕಿವಿಗೆ ಗೊತ್ತು, ಓದಲು ಬರೆಯಲು ಬಾರದು. ತಂಡದಲ್ಲಿ ಕನ್ನಡ ಬರೆಯಬಲ್ಲವನು ಒಬ್ಬನೇ. ಅವನ ಅಪ್ಪ ಅಮ್ಮ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅವನು ಏಳನೆಯವರೆಗೆ ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವನು. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅದರಲ್ಲೊಂದು ಎಂಬುದು ಊರಿನ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಹುಡುಗಿ ಎಡಿಟಿಂಗ್‌ಗೆ, ಇವನು ಮೈಕ್ ಹಿಡಿಯಲು. ಅಲ್ಲಿಯವರೆಗೆ ಇಬ್ಬರೂ ಹಿಂದಿಯಲ್ಲೇ ಮಾತಾಡಿಕೊಂಡಿದ್ದರು. ಒಬ್ಬರು ಕನ್ನಡದವರು ಎಂದು ಇನ್ನೊಬ್ಬರಿಗೆ ಗೊತ್ತಾಗಿದ್ದೇ ಈ ಬರವಣಿಗೆಯ ಹೊತ್ತಿಗೆ.

ಅವನು ಹೆಡ್‌ಫೋನ್ ಹಾಕಿಕೊಂಡು ಮೂರು ದಿನ ಕೂತು ನಲವತ್ತು ಪುಟ ಬರೆದ. ಅದರಿಂದ ಹಿಂದಿಯ ಸಬ್‌ಟೈಟಲ್ ಮಾಡಿದರು. ಚಿತ್ರದ ಮುಖ್ಯ ಮಾತು ಕೊನೆಯ ಭಾಗದಲ್ಲಿತ್ತು. ಅಜ್ಜ ಗಲ್ಲಾದ ಡ್ರಾಯರ್ ಮುಚ್ಚುತ್ತ, ಕ್ಯಾಮೆರಾದ ಕಡೆ ನೋಡದೆ ಅಂದದ್ದು: “ಊರಿಗ್ ಹೋಪುಕೆ ಮನ್ಸ್ ಇತ್.” ಹುಡುಗ ಅದನ್ನು ‘ಮನಸ್ಸು ಇತ್ತು’ ಎಂದು ಬರೆದ. ಹಿಂದಿಯಲ್ಲಿ ‘ಇಚ್ಛಾ ಥೀ’ ಎಂದಾಯಿತು. ಅದಕ್ಕೆ ತಕ್ಕಂತೆ ಹುಡುಗಿ ಮುಂದಿನ ಶಾಟು ಜೋಡಿಸಿದಳು. ಗೋಡೆಯ ಮೇಲಿನ ಹಳೆಯ ಫೋಟೊ, ನಿಧಾನ ಪಿಟೀಲು, ಕತ್ತಲೆ. ಆಸೆ ಇತ್ತು, ಮುಗಿಯಿತು, ಪಾಪ ಅಜ್ಜ.

ಕಣ್ಣಲ್ಲಿ ನೀರು ಬರುವ ಹಾಗಿತ್ತು, ಸುಳ್ಳೇನು. ಇದು ಎಡಿಟಿಂಗ್‌ನ ಶಕ್ತಿ. ನೂರು ವರ್ಷದ ಹಿಂದೆ ರಷ್ಯಾದ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಹೆಣ್ಣಿನ ಪಕ್ಕ ಇಟ್ಟು ತೋರಿಸಿದನಂತೆ. ನೋಡಿದವರು ಆ ಮುಖದಲ್ಲಿ ಹಸಿವು, ದುಃಖ, ಆಸೆ ಎಲ್ಲವನ್ನೂ ಕಂಡರು. ಮುಖ ಮಾತ್ರ ಬದಲಾಗಿರಲಿಲ್ಲ.

ಮೊದಲ ಕಟ್ ಅನ್ನು ಯಾರ ಬಗ್ಗೆ ಚಿತ್ರವೋ ಅವರಿಗೆ ಮೊದಲು ತೋರಿಸಬೇಕು ಎಂಬುದು ನನ್ನ ಇನ್ನೊಂದು ಹಟ. ಒಂದು ರಾತ್ರಿ ಹೋಟೆಲು ಮುಚ್ಚಿದ ಮೇಲೆ ಲ್ಯಾಪ್‌ಟಾಪನ್ನು ಗಲ್ಲಾದ ಮೇಲಿಟ್ಟು ಅಜ್ಜನಿಗೆ ತೋರಿಸಿದರು. ಅರವತ್ತು ವರ್ಷದ ಮುಂಬಯಿಯ ಬದುಕಿನಲ್ಲಿ ಅಜ್ಜನಿಗೆ ಹಿಂದಿ ಸರಾಗ. ಕೊನೆಯ ಸಾಲು ಓದಿದರು. ಇನ್ನೊಮ್ಮೆ ಹಾಕು ಎಂದರು. ಆಮೇಲೆ ಮೊಮ್ಮಗಳನ್ನು ನೋಡಿ ಅಂದರು: “ನಾನ್ ಇದ್ದಿತ್ ಅಂದಿಲ್ಲೆ ಮಗಳೇ. ಇತ್ ಅಂದೆ.”

ನಮ್ಮ ಕುಂದಾಪುರ ಕಡೆ ‘ಇತ್’ ಎಂದರೆ ಇದೆ. ಕಳೆದು ಹೋದದ್ದಕ್ಕೆ ‘ಇದ್ದಿತ್’. ಕಲಬುರಗಿಯ ಹುಡುಗನ ಮನೆಯಲ್ಲಿ ಇರುವುದಕ್ಕೆ ‘ಅದ’, ಇಲ್ಲವಾದದ್ದಕ್ಕೆ ‘ಇತ್ತ’. ಅವನು ಕೇಳಿದ ಶಬ್ದ ಸರಿ, ಬರೆದ ಅಕ್ಷರ ಸರಿ. ಆದರೆ ಇಬ್ಬರ ಕನ್ನಡದ ನಡುವಿನ ಒಂದು ಹೆಜ್ಜೆಯಲ್ಲಿ, ಬದುಕಿದ್ದ ಆಸೆಯೊಂದು ಸತ್ತುಹೋಗಿತ್ತು. ಅದಕ್ಕೆ ಪಿಟೀಲಿನ ಹಿನ್ನೆಲೆ ಬೇರೆ. ಮೊಮ್ಮಗಳಿಗೆ ಕಿವಿಯಲ್ಲಿ ಅರ್ಥ ಗೊತ್ತಿತ್ತು. ಆದರೆ ಅವಳು ಸಾಲನ್ನು ಕೇಳುವುದು ಬಿಟ್ಟು ಓದತೊಡಗಿದ್ದಳು.

ಆ ರಾತ್ರಿ ಅವರ ಚಿತ್ರ ಬಿದ್ದುಹೋಯಿತು ಎನ್ನಬಹುದು. ಸಲ್ಲಿಸಲು ಹನ್ನೊಂದು ದಿನ ಉಳಿದಿತ್ತು. ‘ಥೀ’ ಅಳಿಸಿ ‘ಹೈ’ ಹಾಕಿದರೆ ಮುಗಿಯಲಿಲ್ಲವೇ ಎಂದು ಒಬ್ಬ ಹೇಳಿದ. ಹುಡುಗಿ ಒಪ್ಪಲಿಲ್ಲ. ಆಸೆ ಇದೆ ಎಂದಾದರೆ ಹೋಗದೇ ಇರುವುದು ಯಾಕೆ? ನಾಲ್ಕು ತಿಂಗಳ ಹಿಂದಿನ ಪ್ರಶ್ನೆಗೆ ಉತ್ತರವೇ ಸಿಕ್ಕಿಲ್ಲವಲ್ಲ. ಮತ್ತೆ ಮೂರು ಗಂಟೆಗೆ ಕ್ಯಾಮೆರಾ ಇಟ್ಟರು. ಈ ಸಲ ಪ್ರಶ್ನೆ ಪಟ್ಟಿ ಇಲ್ಲ, ಕೇಳಿದ್ದು ಒಂದೇ. ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಹಿಂದಿನ ಸಲವಾದರೆ ಯಾರಾದರೂ ಇನ್ನೊಂದು ಪ್ರಶ್ನೆ ಎಸೆದು ಆ ಮೌನ ಮುರಿಯುತ್ತಿದ್ದರು. ಈ ಸಲ ಮುರಿಯಲಿಲ್ಲ. ಕಡೆಗೆ ಅಜ್ಜ ಹೇಳಿದರು: “ಹೋದ್ರೆ ರಾತ್ರಿ ಯಾರ್ ಮನಿಯಗ್ ಮನಿಕಂಬುದ್?”

ಮನೆ ಪಾಲಾಗಿತ್ತು. ತನ್ನ ಪಾಲು ಮಾರಿದ ದುಡ್ಡಿನಲ್ಲೇ ಈ ಹೋಟೆಲು ಕೊಂಡದ್ದು. ತಮ್ಮಂದಿರ ಮಕ್ಕಳಿದ್ದಾರೆ, ಬನ್ನಿ ಎನ್ನುತ್ತಾರೆ. ಹುಟ್ಟಿದ ಮನೆಗೆ ನೆಂಟನಾಗಿ ಹೋಗಿ ಚಾಪೆ ಹಾಸಿಸಿಕೊಳ್ಳಲು ಅಜ್ಜನಿಗೆ ಮನಸ್ಸಿಲ್ಲ. ಗಲ್ಲಾದ ಹಿಂದೆ ನಿಂತಿದ್ದ ಮಗ, ಎಂದರೆ ನನ್ನನ್ನು ‘ಕಲಿಯುದು ಎಂತ’ ಎಂದು ಕೇಳಿದವರು, ಈ ಮಾತನ್ನು ಕೇಳಿಸಿಕೊಂಡದ್ದು ಅದೇ ಮೊದಲು. ಅವರು ಏನೂ ಹೇಳದೆ ಅಡುಗೆಮನೆಯ ಕಡೆ ಹೋದರು.

ಆಮೇಲೆ ಜಗಳ ಬೇರೆ ದಿಕ್ಕಿಗೆ ತಿರುಗಿತು. ಈ ಮಾತು ಚಿತ್ರದಲ್ಲಿ ಇರಬೇಕೆ? ಊರಿನ ನೆಂಟರು ನೋಡಿದರೆ ಬೇಸರಿಸಿಕೊಳ್ಳುತ್ತಾರೆ ಎಂದು ತಂದೆ. ಇದಿಲ್ಲದಿದ್ದರೆ ಚಿತ್ರವೇ ಇಲ್ಲ ಎಂದು ತಂಡ. ನಿರ್ದೇಶಕ ಹುಡುಗ ‘ಕಲೆಗೆ ಸ್ವಾತಂತ್ರ್ಯ ಬೇಕು’ ಎಂದು ಭಾಷಣವನ್ನೂ ಮಾಡಿದ. ಮೈಕ್ ಹಿಡಿದ ಹುಡುಗ, ಇಡೀ ನಾಲ್ಕು ತಿಂಗಳು ಕಡಿಮೆ ಮಾತಾಡಿದವನು, ಅಜ್ಜನನ್ನೇ ಕೇಳೋಣ ಎಂದ. ಒಂದು ಸಹಿ ಹಾಕಿಸಿಕೊಂಡ ಕಾಗದ ಮೊದಲೇ ಇತ್ತು. ಅದು ಕಾಲೇಜಿನ ಫೈಲಿಗೆ. ಈಗ ಕೇಳಬೇಕಾದದ್ದು ಬೇರೆ: ‘ನೀವು ಈ ಮಾತು ಹೇಳಿದಿರಿ, ಈಗ ಹೇಳಿದ್ದು ಏನೆಂದು ನಿಮಗೆ ಗೊತ್ತಾಗಿದೆ, ಇಡಲೇ?’ ಅಜ್ಜ ಇಡಿ ಎಂದರು. ಆದರೆ ಯೂಟ್ಯೂಬಿಗೆ ಬೇಡ, ಮೊಬೈಲಿನಲ್ಲಿ ಹರಿದಾಡುವುದು ಬೇಡ, ಕೂತು ನೋಡುವವರು ನೋಡಲಿ ಎಂದರು.

ಆ ಷರತ್ತಿಗೆ ಬೆಲೆ ತೆರಬೇಕಾಯಿತು. ಎರಡು ಸ್ಪರ್ಧೆಗಳಲ್ಲಿ ಚಿತ್ರವನ್ನು ಎಲ್ಲರಿಗೂ ತೆರೆದ ಲಿಂಕ್‌ನಲ್ಲೇ ಕಳಿಸಬೇಕಿತ್ತು. ತಂಡ ಎರಡಕ್ಕೂ ಕಳಿಸಲಿಲ್ಲ. ಕಾಲೇಜಿನಲ್ಲಿ ತೋರಿಸಿದರು, ಅಂಕ ಸಾಧಾರಣವೇ ಬಂತು. ಪರೀಕ್ಷಕರ ನಮೂನೆಯಲ್ಲಿ ‘ಕ್ಯಾಮೆರಾ ಚಲನೆ’ಗೆ ಹತ್ತು ಅಂಕ ಇತ್ತು, ಇವರ ಚಿತ್ರದಲ್ಲಿ ಕ್ಯಾಮೆರಾ ಕದಲುವುದೇ ಇಲ್ಲ. ಆಮೇಲೆ ಒಂದು ಸೋಮವಾರ ರಾತ್ರಿ ಹೋಟೆಲಿನ ಟೇಬಲುಗಳನ್ನು ಬದಿಗೆ ಸರಿಸಿ, ಬಿಳಿ ಪಂಚೆ ಕಟ್ಟಿ ತೋರಿಸಿದರು. ಅಡುಗೆಯವರು, ಸಪ್ಲೈಯರುಗಳು, ಪಾತ್ರೆ ತೊಳೆಯುವ ಹುಡುಗ, ಸೊಸೈಟಿಯ ಕೆಲವರು, ಎಲ್ಲ ಸೇರಿ ಮೂವತ್ತು ಜನ. ಕ್ರೆಡಿಟ್‌ನಲ್ಲಿ ಪಾತ್ರೆ ತೊಳೆಯುವ ಹುಡುಗನ ಹೆಸರು ‘ಹಾಡು’ ಎಂಬುದರ ಮುಂದೆ ಬಂದಾಗ ಸಿಳ್ಳೆ ಬಿತ್ತು. ಅವನ ಹಾಡು ಆ ಒಂದು ನಿಮಿಷದ ಮೌನದಿಂದ ಬಂದದ್ದು, ಕೊನೆಯಲ್ಲಿ ಪಿಟೀಲಿನ ಜಾಗ ಹಿಡಿದಿತ್ತು.

ಮೂವತ್ತು ಸೆಕೆಂಡಿನ ರೀಲ್ಸ್ ಮಾಡುವುದರಲ್ಲಿ ಈ ಮಕ್ಕಳು ನನಗಿಂತ ನೂರು ಪಾಲು ಜಾಣರು. ಅದೂ ಒಂದು ವಿದ್ಯೆ, ಹಳಿಯುವುದಿಲ್ಲ. ಈಗ ಯಂತ್ರವೇ ಮಾತು ಕೇಳಿ ಸಬ್‌ಟೈಟಲ್ ಮಾಡುತ್ತದೆ. ಕುತೂಹಲಕ್ಕೆ ಅಜ್ಜನ ಆ ಸಾಲನ್ನು ಒಂದು ಆ್ಯಪ್‌ಗೆ ಕೇಳಿಸಿದೆವು. ಅದೂ ‘ಇತ್ತು’ ಎಂದೇ ಬರೆಯಿತು. ಆದರೆ ತಪ್ಪು ತೋರಿಸಿದಾಗ ಕಲಬುರಗಿಯ ಹುಡುಗನ ಹಾಗೆ ಅದರ ಮುಖ ಕೆಂಪಾಗಲಿಲ್ಲ.

ಅಜ್ಜ ಊರಿಗೆ ಹೋದರೇ ಎಂದು ನೀವು ಕೇಳಬಹುದು. ಇಲ್ಲ, ಇನ್ನೂ ಹೋಗಿಲ್ಲ. ಮಗ ಕುಂದಾಪುರದಲ್ಲಿ ಬಾಡಿಗೆಗೆ ಸಿಗುವ ಕೋಣೆಗಳ ಬಗ್ಗೆ ನನ್ನನ್ನು ಒಮ್ಮೆ ವಿಚಾರಿಸಿದರು. ಯಾರಿಗೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈ ಸೆಮಿಸ್ಟರಿನ ಚಿತ್ರ ಕಲಬುರಗಿ ಹುಡುಗನದು. ಅವನು ಓದಿದ ಪಾಲಿಕೆಯ ಕನ್ನಡ ಶಾಲೆಯ ಬಗ್ಗೆ, ಅಲ್ಲಿ ಈಗಲೂ ಬರುವ ಮಕ್ಕಳ ಅಮ್ಮಂದಿರ ಬಗ್ಗೆ. ಈ ಸಲ ಮೈಕ್ ಹಿಡಿಯುವವಳು ಹೋಟೆಲಿನ ಹುಡುಗಿ, ಮಾತನ್ನು ಕಾಗದಕ್ಕೆ ಇಳಿಸುವುದೂ ಅವಳೇ. ಅದಕ್ಕಾಗಿ ಮುಲುಂಡ್‌ನಿಂದ ಕಾಲೇಜಿಗೆ ಹೋಗುವ ರೈಲಿನಲ್ಲಿ ಅವನಿಂದ ಅಕ್ಷರ ಕಲಿಯುತ್ತಿದ್ದಾಳೆ. ಹೋದ ಭಾನುವಾರ ನೋಡಿದಾಗ ಒತ್ತಕ್ಷರದವರೆಗೆ ಬಂದಿದ್ದಳು. ನೋಟ್‌ಪುಸ್ತಕದ ಒಂದು ಪುಟದಲ್ಲಿ ಮೂರು ಸಾಲು ಬರೆದು ಅಡಿಗೆರೆ ಹಾಕಿಕೊಂಡಿದ್ದಳು: ಅದ. ಇತ್ತ. ಇತ್.